ಮೆಲುಹೊಡೆತದ ಪಕ್ಷವಹಿಸಿ ನಾಲ್ಕು ಮಾತು

ಸಾಯಂಕಾಲ ಶಾಲೆಯ ಕೊನೆಯ ಗಂಟೆ ಬಾರಿಸಿದೊಡನೆ ನಮ್ಮ ಹಿಂದಣ ಅಂಗಳದಿಂದ ಹೊರಡುವ ‘ಟಕ್, ಟಕ್’ ಎಂಬ ಸದ್ದು ಎರಡು ವರ್ಷಗಳಿಂದ ನಮ್ಮೆಲ್ಲರಿಗೂ ಪರಿಚಿತವಾಗಿರುವುದಷ್ಟೆ. ಮೊದಲು ಅದೇ ಜಾಗದಲ್ಲಿ ಬ್ಯಾಡ್ಮಿಂಟನ್ ಆಡುತ್ತಿದ್ದರು. ಆದರೆ ಬಯಲಿನಲ್ಲಿ ಗಾಳಿ ಎದ್ದಿತೆಂದರೆ ಗರಿಯ ಷಟಲ್ ಆಡುವವರ ಮಾತನ್ನು ಕೇಳುವುದಿಲ್ಲ. ನಾಗಪುರದ ಬೇಸಗೆಯ ಗಾಳಿಯಂತೂ ಯಾರ ಮಾತನ್ನೂ ಕೇಳುವುದಿಲ್ಲ. ಈಗ ಅವೇ ಬಿಳಿಯ ಗೆರೆಗಳ ನಡುವೆ ಪಿಕಲ್‌ಬಾಲ್ ಬಂದು ನೆಲೆಸಿದೆ. ಮೊದಲ ದಿನ ಈ ಹೆಸರನ್ನು ಕೇಳಿ ‘ಉಪ್ಪಿನಕಾಯಿ ಚೆಂಡು’ ಎಂದು ನಕ್ಕವರಲ್ಲಿ ನಾವೂ ಒಬ್ಬರು.

ನಾವು ವ್ಯಾಯಾಮ ಶಿಕ್ಷಕರಲ್ಲ, ಕನ್ನಡ ಕಲಿಸುವವರು. ವಿಜಯಪುರ ಜಿಲ್ಲೆಯ ಹಳ್ಳಿಯ ಕನ್ನಡ ಶಾಲೆಯಲ್ಲಿ ಹತ್ತನೆಯ ತರಗತಿಯ ವರೆಗೆ ಓದಿ, ಉಣ್ಣೆಯ ಹಳದಿ ಚೆಂಡಿನ ಬಾಲ್ ಬ್ಯಾಡ್ಮಿಂಟನ್ನನ್ನೂ, ರಬ್ಬರ್ ಬಳೆಯನ್ನು ಎಸೆದು ಹಿಡಿಯುವ ರಿಂಗ್ ಆಟವನ್ನೂ ಆಡಿ ಬೆಳೆದವರು. ಹೊಟ್ಟೆಪಾಡಿಗಾಗಿ ಈ ಊರಿಗೆ ಬಂದ ಮೇಲೆ, ಹಿಂದಣ ಅಂಗಳದ ಬೀಗದ ಕೈ ನಮ್ಮ ಬಳಿ ಇರುವುದೆಂಬ ಒಂದೇ ಕಾರಣದಿಂದ ಆಟದ ಮೇಲ್ವಿಚಾರಣೆಯೂ ನಮ್ಮ ಕೊರಳಿಗೆ ಬಿದ್ದಿತು. ಆದುದರಿಂದ ಇಲ್ಲಿ ಹೇಳುವುದು ಪಂಡಿತರ ಮಾತಲ್ಲ. ಎರಡು ವರ್ಷ ಅಂಗಳದ ಅಂಚಿನಲ್ಲಿ ನಿಂತು ನೋಡಿದವರ, ಒಂದು ತಪ್ಪನ್ನೂ ಮಾಡಿದವರ ಮಾತು.

ಆ ತಪ್ಪನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಕಳೆದ ಚಳಿಗಾಲದಲ್ಲಿ ಊರಿನ ಇನ್ನೊಂದು ಶಾಲೆಯವರೊಡನೆ ಜೋಡಿಯಾಟದ ಸ್ನೇಹಪಂದ್ಯ ಏರ್ಪಟ್ಟಿತು. ನಮ್ಮ ಕಡೆಯಿಂದ ಯಾರನ್ನು ಕಳಿಸಬೇಕೆಂಬುದು ನಮ್ಮ ಪಾಲಿಗೆ ಬಂದಿತು. ಅಂಗಳದಲ್ಲಿ ಯಾರ ಹೊಡೆತದ ಸದ್ದು ಎಲ್ಲಕ್ಕಿಂತ ಜೋರಾಗಿ ಕೇಳಿಸುವುದೋ ಅಂಥ ಇಬ್ಬರು ಹತ್ತನೆಯ ತರಗತಿಯ ಬಾಲಕರನ್ನು ಆರಿಸಿದೆವು. ಅದೇ ಅಂಗಳದ ಮೂಲೆಯಲ್ಲಿ ಏಳನೆಯ ತರಗತಿಯ ಬಾಲಕಿಯೊಬ್ಬಳು ಆಡುತ್ತಿದ್ದಳು. ಅವಳು ಯಾವ ಚೆಂಡನ್ನೂ ಜೋರಾಗಿ ಹೊಡೆದವಳಲ್ಲ. ಬಂದ ಚೆಂಡನ್ನೆಲ್ಲ ಮೆಲ್ಲನೆ ಎತ್ತಿ ಬಲೆಯ ಆಚೆ ಇಳಿಸುತ್ತಿದ್ದಳು, ಅಷ್ಟೆ. ಹುಡುಗರು ಅವಳಿಗೆ ಒಂದು ಹೆಸರು ಇಟ್ಟಿದ್ದರು. ಒಂದು ದಿನ ಕೇಳಿದರೆ, “ಅದೇನ್ ಆಟರೀ ಸರ, ಮಸರನ್ನ ಕಲಸಿದ್ಹಂಗ ಐತಿ” ಎಂದರು. ನಾವೂ ನಕ್ಕೆವು. ಅವಳನ್ನು ಪಂದ್ಯಕ್ಕೆ ಆರಿಸುವ ವಿಚಾರ ನಮ್ಮ ತಲೆಗೆ ಬರಲೇ ಇಲ್ಲ.

ಪಂದ್ಯದ ದಿನ ಎದುರು ನಿಂತವರು ಎಂಟನೆಯ ತರಗತಿಯ ಇಬ್ಬರು ತೆಳ್ಳನೆಯ ಬಾಲಕಿಯರು. ನಮ್ಮವರು ಬಡಿದರು, ಅವರು ಇಳಿಸಿದರು. ನಮ್ಮವರು ಮತ್ತೆ ಬಡಿದರು, ಚೆಂಡು ಬಲೆಗೆ ಬಿದ್ದಿತು, ಇಲ್ಲವೆ ಗೆರೆಯಾಚೆ ಹೋಗಿ ಬೇವಿನ ಮರದ ಬುಡ ಸೇರಿತು. 11–4, 11–3. ಪಂದ್ಯವೆಲ್ಲ ಮುಗಿಯುವುದಕ್ಕೆ ಅರ್ಧ ಗಂಟೆಯೂ ಹಿಡಿಯಲಿಲ್ಲ. ಸೋಲಿಗೆ ನಾವು ಅಷ್ಟೊಂದು ನೊಂದುಕೊಳ್ಳಲಿಲ್ಲ. ಆಟವೆಂದ ಮೇಲೆ ಸೋಲುಂಟು. ಆದರೆ ಅಂದು ಬರುವಾಗ ಬಸ್ಸಿನಲ್ಲಿ ಒಂದು ವಿಷಯ ಹೊಳೆಯಿತು. ಎದುರಾಳಿಗಳ ಆಟ ನಮಗೆ ಹೊಸದಾಗಿರಲಿಲ್ಲ. ನಮ್ಮ ಅಂಗಳದ ಮೂಲೆಯಲ್ಲಿಯೇ ಅದನ್ನು ದಿನವೂ ನೋಡುತ್ತಿದ್ದೆವು, ನೋಡಿ ನಗುತ್ತಿದ್ದೆವು. ಆ ಬಾಲಕಿಯನ್ನು ಹುಡುಕಿದರೆ ಅವಳು ಎರಡು ವಾರಗಳಿಂದ ಆಟಕ್ಕೆ ಬರುವುದನ್ನೇ ಬಿಟ್ಟಿದ್ದಳು. ಕರೆದು ಕೇಳಿದಾಗ, “ನಂಗ ಜೋರ ಹೊಡ್ಯಾಕ ಬರಂಗಿಲ್ಲ ಸರ” ಎಂದಳು. ನಮ್ಮ ಬಳಿ ಉತ್ತರವಿರಲಿಲ್ಲ. ಈ ಲೇಖನವನ್ನು ಆ ಉತ್ತರವೆಂದೇ ತಿಳಿಯಬಹುದು.

ಮೊದಲು ಅಂಗಳದ ಕಥೆ. 1965ರಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಬೈನ್‌ಬ್ರಿಜ್ ದ್ವೀಪದಲ್ಲಿ ಜೋಯೆಲ್ ಪ್ರಿಚರ್ಡ್, ಬಿಲ್ ಬೆಲ್ ಎಂಬ ಇಬ್ಬರು ಗೆಳೆಯರು ರಜೆಯ ದಿನ ಮಕ್ಕಳಿಗೆ ಏನಾದರೊಂದು ಆಟ ಕಲ್ಪಿಸಬೇಕೆಂದು ಹೊರಟರು. ಬ್ಯಾಡ್ಮಿಂಟನ್ ಅಂಗಳವಿತ್ತು, ಆಡುವ ಸಾಮಾನು ಇರಲಿಲ್ಲ. ಟೇಬಲ್ ಟೆನ್ನಿಸ್ಸಿನ ಬ್ಯಾಟುಗಳನ್ನೂ ತೂತುಗಳುಳ್ಳ ಒಂದು ಪ್ಲಾಸ್ಟಿಕ್ ಚೆಂಡನ್ನೂ ಹಿಡಿದು ಆಟ ಹೂಡಿದರು. ಬಲೆಯನ್ನು ಮೆಲ್ಲಮೆಲ್ಲನೆ ಕೆಳಕ್ಕೆ ಇಳಿಸಿದರು. ಬಾರ್ನಿ ಮೆಕಲಮ್ ಎಂಬ ಮೂರನೆಯವರು ಬಂದು ಕೂಡಿದ ಮೇಲೆ ನಿಯಮಗಳು ರೂಪುಗೊಂಡವು. ಆದುದರಿಂದಲೇ ಇಂದಿಗೂ ಪಿಕಲ್‌ಬಾಲ್ ಅಂಗಳದ ಅಳತೆ ಬ್ಯಾಡ್ಮಿಂಟನ್ ಜೋಡಿಯಾಟದ ಅಂಗಳದ್ದೇ ಆಗಿದೆ: ಉದ್ದ 44 ಅಡಿ, ಅಗಲ 20 ಅಡಿ. ನಮ್ಮ ಹಳೆಯ ಗೆರೆಗಳೇ ಸಾಕಾದುದು ಹೀಗೆ. ಅಂದಹಾಗೆ, ಆ ಬ್ಯಾಡ್ಮಿಂಟನ್ನಿನ ನಿಯಮಗಳು 1870ರ ದಶಕದಲ್ಲಿ ಮೊದಲು ಬರಹಕ್ಕಿಳಿದುದು ನಮ್ಮದೇ ರಾಜ್ಯದ ಪುಣೆಯಲ್ಲಿ ಎಂಬುದನ್ನು ನೆನೆದರೆ, ಈ ಆಟ ತೀರ ಪರದೇಶದ್ದೆಂದು ಮೂಗು ಮುರಿಯುವವರಿಗೂ ಸಮಾಧಾನವಾದೀತು.

ಬಲೆಯ ಎತ್ತರ ಕಂಬಗಳ ಬಳಿ 36 ಅಂಗುಲ, ನಡುವೆ 34 ಅಂಗುಲ. ಬಲೆಯ ಎರಡು ಮಗ್ಗುಲಿಗೂ 7 ಅಡಿಗಳ ಒಂದೊಂದು ಪಟ್ಟಿಯುಂಟು. ಈ ಪಟ್ಟಿಯಲ್ಲಿ ನಿಂತು, ಚೆಂಡು ನೆಲ ಮುಟ್ಟುವ ಮೊದಲೇ ಹೊಡೆಯಕೂಡದು. ಆಟಗಾರರು ಇದನ್ನು ‘ಕಿಚನ್’ ಎನ್ನುತ್ತಾರೆ. ನಾವು ಅಡಿಗೆಮನೆ ಎನ್ನೋಣ, ನಿಯಮವೂ ಅಡಿಗೆಮನೆಯದೇ. ಚೆಂಡು ಒಳಗೆ ಬಿದ್ದು ಪುಟಿದರೆ ಅದು ಊಟದ ಕರೆ, ಧಾರಾಳವಾಗಿ ಒಳಗೆ ಹೋಗಿ ಹೊಡೆಯಬಹುದು. ಕರೆಯಿಲ್ಲದೆ ನುಗ್ಗಿ ಗಾಳಿಯಲ್ಲಿದ್ದ ಚೆಂಡಿಗೆ ಕೈ ಹಾಕಿದರೆ ತಪ್ಪು. ಹೊರಗೆ ನಿಂತು ಹೊಡೆದು, ಆ ರಭಸಕ್ಕೆ ಕಾಲು ಒಳಗೆ ಬಿದ್ದರೂ ತಪ್ಪೇ. ಎತ್ತರದ ಆಳು ಬಲೆಗೆ ಎದೆ ತಾಗಿಸಿ ನಿಂತು ಚೆಂಡನ್ನೆಲ್ಲ ಕೆಳಕ್ಕೆ ಬಡಿಯುತ್ತಿದ್ದರೆ ಮಿಕ್ಕವರಿಗೆ ಆಟವೆಲ್ಲಿಯದು? ಈ 7 ಅಡಿಗಳ ಪಟ್ಟಿಯೇ ಗಿಡ್ಡರನ್ನೂ ಮಕ್ಕಳನ್ನೂ ಮುದುಕರನ್ನೂ ಆಟದಲ್ಲಿ ಉಳಿಸಿದೆ.

ಇನ್ನು ವಿಚಾರ ಮಾಡಿ. ನಿಮ್ಮ ಎದುರಾಳಿ ತನ್ನ ಅಡಿಗೆಮನೆಯ ಗೆರೆಯ ಹಿಂದೆ ನಿಂತಿದ್ದಾನೆ. ನೀವು ಚೆಂಡನ್ನು ಮೆಲ್ಲನೆ ಎತ್ತಿ ಬಲೆಯ ಆಚೆಗೆ, ಅವನ ಅಡಿಗೆಮನೆಯೊಳಗೆ ಇಳಿಸಿದಿರಿ. ಚೆಂಡು ಪುಟಿದು ಅವನ ಮೊಣಕಾಲಿನ ಮಟ್ಟಕ್ಕೆ ಬಂದಿತು. ಬಲೆ ಅದಕ್ಕಿಂತ ಎತ್ತರದಲ್ಲಿದೆ. ಅವನು ಎಷ್ಟೇ ಬಲಶಾಲಿಯಾಗಿರಲಿ, ಚೆಂಡನ್ನು ಮೇಲಕ್ಕೆ ಎತ್ತಲೇಬೇಕು. ಕೆಳಕ್ಕೆ ಬಡಿಯಲು ದಾರಿಯಿಲ್ಲ. ಮೇಲಕ್ಕೆ ಎತ್ತುವ ಚೆಂಡನ್ನು ಜೋರಾಗಿ ಹೊಡೆದರೆ ಅದು ಹಾರಿ ಗೆರೆಯಾಚೆ ಹೋಗುತ್ತದೆ, ಅಥವಾ ನಿಮ್ಮ ಎದೆಯ ಮಟ್ಟಕ್ಕೆ ಬಂದು, ಹೊಡೆಯಿರೆಂದು ತಾನಾಗಿಯೇ ಕೇಳಿಕೊಳ್ಳುತ್ತದೆ. ‘ಡಿಂಕ್’ ಎಂದು ಕರೆಯುವ ಈ ಮೆಲುಹೊಡೆತದ ಗುಟ್ಟೆಲ್ಲ ಇಷ್ಟೇ: ಎದುರಾಳಿಯ ಬಲಕ್ಕೆ ಕೆಲಸವಿಲ್ಲದಂತೆ ಮಾಡುವುದು. ನಮ್ಮ ಬಾಲಕರು ಸೋತದ್ದು ದುರ್ಬಲರಾಗಿ ಅಲ್ಲ. ಅವರ ಬಲವನ್ನು ಬಳಸಲು ತಕ್ಕ ಒಂದೇ ಒಂದು ಚೆಂಡನ್ನೂ ಆ ಬಾಲಕಿಯರು ಕೊಡಲಿಲ್ಲ.

ಒಂಬತ್ತನೆಯ ತರಗತಿಯವರು ಬೇಕಾದರೆ ಒಂದು ಲೆಕ್ಕ ಮಾಡಿ ನೋಡಲಿ. ನೇರಕ್ಕೆ ಆಡಿದರೆ ಒಂದು ಅಡಿಗೆಮನೆಯ ಗೆರೆಯಿಂದ ಇನ್ನೊಂದರ ಗೆರೆಗೆ 14 ಅಡಿ. ಮೂಲೆಯಿಂದ ಮೂಲೆಗೆ ಆಡಿದರೆ? 14ರ ವರ್ಗ 196, 20ರ ವರ್ಗ 400, ಕೂಡಿದರೆ 596. ವರ್ಗಮೂಲ 24ಕ್ಕೂ ತುಸು ಹೆಚ್ಚು. ಅಂದರೆ ಓರೆಯಾಗಿ ಆಡುವವನಿಗೆ ಚೆಂಡನ್ನು ಇಳಿಸಲು 10 ಅಡಿ ಹೆಚ್ಚು ಜಾಗ ಸಿಗುವುದು. ಅದರ ಮೇಲೆ ಚೆಂಡು ದಾಟುವುದು ಬಲೆಯ ನಡುವನ್ನು, ಅಲ್ಲಿ ಬಲೆ 2 ಅಂಗುಲ ತಗ್ಗು. ಹೊಸಬರು ಓರೆಯ ಮೆಲುಹೊಡೆತವನ್ನೇ ಮೊದಲು ಕಲಿಯಬೇಕೆಂದು ನಾವು ಹೇಳುವುದಕ್ಕೆ ಪೈಥಾಗೊರಸನ ಸಾಕ್ಷಿಯೂ ಇದೆ.

ಕಲಿಯುವ ಬಗೆ ಹೇಗೆ? ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುವುದಕ್ಕೆ ಓದುಗರು ಅನುಮತಿ ಕೊಡಬೇಕು.

ಎಲ್ಲಕ್ಕಿಂತ ಮೊದಲನೆಯದು ಹಿಡಿತ. ನಮ್ಮ ಹುಡುಗರ ಪ್ಯಾಡಲ್ ಹಿಡಿಯುವ ಕೈಯನ್ನು ನೋಡಿದರೆ ಕೊಡಲಿ ಹಿಡಿದಂತಿರುತ್ತದೆ. ಬೆರಳಿನ ಗೆಣ್ಣುಗಳು ಬೆಳ್ಳಗಾಗಿರುತ್ತವೆ. ಬಿಗಿಹಿಡಿದ ಪ್ಯಾಡಲ್ಲಿಗೆ ಚೆಂಡು ತಾಗಿದರೆ ಬಂದ ವೇಗವೆಲ್ಲ ತಿರುಗಿ ಹೋಗುವುದು. ಸಡಿಲವಾಗಿ ಹಿಡಿದರೆ ಆ ವೇಗದಲ್ಲಿ ಒಂದು ಪಾಲು ಕೈಯಲ್ಲಿಯೇ ಇಂಗಿಹೋಗುವುದು. ಎಷ್ಟು ಸಡಿಲ? ಮನೆಯಲ್ಲಿ ತಾಯಿ ರಂಗೋಲಿ ಹಾಕುವುದನ್ನು ನೋಡಿ. ಬೆರಳು ಬಿಗಿದರೆ ಪುಡಿ ಇಳಿಯದು, ತೀರ ಬಿಟ್ಟರೆ ಗೆರೆ ಒಡೆದುಹೋಗುವುದು. ಅಷ್ಟು.

ಎರಡನೆಯದು ಮಣಿಕಟ್ಟು. ಬ್ಯಾಡ್ಮಿಂಟನ್ ಆಡಿ ಬಂದವರಿಗೆ ಇದು ಕಷ್ಟ, ಏಕೆಂದರೆ ಅಲ್ಲಿ ಮಣಿಕಟ್ಟೇ ಯಜಮಾನ. ಇಲ್ಲಿ ಮಣಿಕಟ್ಟು ಸುಮ್ಮನಿರಬೇಕು. ತೋಳು ಹೆಗಲಿನಿಂದ ತೂಗಬೇಕು. ತೊಟ್ಟಿಲು ತೂಗುವವರು ಮಣಿಕಟ್ಟನ್ನು ಝಾಡಿಸುವುದಿಲ್ಲ. ಝಾಡಿಸಿದರೆ ಕೂಸು ಎದ್ದು ಅಳುವುದು. ಪ್ಯಾಡಲ್ಲನ್ನು ಹಿಂದಕ್ಕೆ ಬೀಸಿ ತರುವುದೂ ಬೇಡ. ಚೆಂಡು ಬರುವ ಮೊದಲೇ ಅದನ್ನು ಮೈಯ ಮುಂದುಗಡೆ ಇಟ್ಟುಕೊಂಡು, ಮುಖವನ್ನು ತುಸು ಮೇಲಕ್ಕೆ ತಿರುಗಿಸಿ, ಚೆಂಡಿನ ಕೆಳಗೆ ಹೋಗಿ ಎತ್ತಿಬಿಟ್ಟರಾಯಿತು. ನಾವು ಎಷ್ಟೋ ಸಲ ‘ಹೊಡೆಯಬೇಡ, ಎತ್ತು’ ಎಂದು ಕೂಗಿದ್ದೇವೆ. ಹೊಡೆತವೆಂಬ ಹೆಸರೇ ಹುಡುಗರನ್ನು ಹಾದಿ ತಪ್ಪಿಸುತ್ತದೆಯೋ ಏನೋ.

ಮೂರನೆಯದು ಮೊಣಕಾಲು. ತಗ್ಗಿನ ಚೆಂಡಿಗಾಗಿ ಎಲ್ಲರೂ ಬೆನ್ನು ಬಗ್ಗಿಸುವರು, ಮೊಣಕಾಲು ಬಗ್ಗಿಸುವವರು ಕಡಿಮೆ. ಬೆನ್ನು ಬಗ್ಗಿದರೆ ಕಣ್ಣು ನೆಲ ನೋಡುವುದು. ಮೊಣಕಾಲು ಬಗ್ಗಿದರೆ ಕಣ್ಣು ಚೆಂಡಿನ ಮಟ್ಟಕ್ಕೆ ಇಳಿಯುವುದು. ಚೆಂಡು ಪಕ್ಕಕ್ಕೆ ಬಂದಾಗ ಕೈ ಚಾಚುವುದಕ್ಕಿಂತ ಕಾಲು ಸರಿಸುವುದು ಮೇಲು. ಇದರಲ್ಲಿ ಸೋಮಾರಿತನವಲ್ಲದೆ ಬೇರೆ ಅಡ್ಡಿ ಏನೂ ಇಲ್ಲ.

ಚೆಂಡು ಹೋಗುವ ದಾರಿಯನ್ನು ಬಿಲ್ಲಿನ ಹಾಗೆ ಊಹಿಸಿಕೊಳ್ಳಿ. ಆ ಬಿಲ್ಲಿನ ಎಲ್ಲಕ್ಕಿಂತ ಎತ್ತರದ ಭಾಗ ಬಲೆಯ ಮೇಲೆ ಇರಬಾರದು, ಬಲೆಗಿಂತ ಈಚೆಗೆ, ನಿಮ್ಮ ಮಗ್ಗುಲಲ್ಲಿರಬೇಕು. ಹಾಗಿದ್ದರೆ ಚೆಂಡು ಬಲೆ ದಾಟುವಾಗಲೇ ಇಳಿಯುತ್ತಿರುತ್ತದೆ. ಎದುರಾಳಿಗೆ ಗಾಳಿಯಲ್ಲಿ ಸಿಗುವುದಿಲ್ಲ. ಈ ಒಂದು ಮಾತನ್ನು ತಿಳಿದ ದಿನ ನಮ್ಮ ಎಂಟನೆಯ ತರಗತಿಯ ಒಬ್ಬ ವಿದ್ಯಾರ್ಥಿಯ ಆಟವೇ ಬದಲಾಯಿತೆಂಬುದನ್ನು ಕಣ್ಣಾರೆ ಕಂಡಿದ್ದೇವೆ.

ಅಂಗಳದ ಹಿಂದಣ ಗೆರೆಯಿಂದ ಮಾಡುವ ಮೆಲುಹೊಡೆತ ಇದಕ್ಕಿಂತ ಕಠಿನ. ನಿಯಮದಂತೆ ಚೆಂಡನ್ನು ಕೊಟ್ಟವರೂ ಅದನ್ನು ಪಡೆದವರೂ ಒಂದೊಂದು ಸಲ ಅದು ಪುಟಿಯುವ ವರೆಗೆ ಕಾಯಲೇಬೇಕು. ಹೀಗಾಗಿ ಸರ್ವಿಸ್ ಮಾಡಿದ ಜೋಡಿ ಹಿಂದೆಯೇ ಉಳಿಯುತ್ತದೆ, ಎದುರಿನ ಜೋಡಿ ಅಷ್ಟರಲ್ಲಿ ಅಡಿಗೆಮನೆಯ ಗೆರೆಗೆ ಬಂದು ನಿಂತಿರುತ್ತದೆ. ಆಗಿನ ಮೂರನೆಯ ಹೊಡೆತದಲ್ಲಿಯೇ ನಮ್ಮವರೆಲ್ಲರೂ ಮಣ್ಣು ಮುಕ್ಕುವುದು. ಸಿಟ್ಟಿನಿಂದ ಬಡಿದರೆ ಮುಂದೆ ನಿಂತವರು ಅದನ್ನು ಕಾಲ ಬುಡಕ್ಕೇ ತಿರುಗಿಸುತ್ತಾರೆ. ಅದರ ಬದಲು ಎತ್ತರದ ಬಿಲ್ಲಿನಲ್ಲಿ ಚೆಂಡನ್ನು ಅವರ ಅಡಿಗೆಮನೆಗೆ ಇಳಿಸಿದರೆ, ಅದು ಮೇಲೇರಿ ಕೆಳಗಿಳಿಯುವಷ್ಟು ಹೊತ್ತಿನಲ್ಲಿ ನೀವು 15 ಅಡಿ ಮುಂದೆ ನಡೆದು ಬಲೆಯ ಬಳಿ ಸೇರಬಹುದು. ಅಂದರೆ ಈ ಹೊಡೆತದಿಂದ ಅಂಕ ಬರುವುದಿಲ್ಲ, ಸಮಯ ಬರುವುದು. ಅಂಕವನ್ನೇ ಎಣಿಸುವವರಿಗೆ ಇದು ರುಚಿಸುವುದಿಲ್ಲ. ದಿನಕ್ಕೆ 30 ಸಲ ಮಾಡಿದರೆ ಮೊದಲ ವಾರ 25 ಕೆಡುವುವು, ಕೆಡಲಿ.

ಇನ್ನೊಂದು ಬಗೆಯುಂಟು: ಎದುರಾಳಿ ಜೋರಾಗಿ ಬಡಿದ ಚೆಂಡನ್ನೇ ಸಾಧುವಾಗಿ ಮಾಡಿ ಅವನ ಅಡಿಗೆಮನೆಗೆ ತಿರುಗಿ ಇಳಿಸುವುದು. ರಿಂಗ್ ಆಟ ಆಡಿದ ಹುಡುಗಿಯರಿಗೆ ಇದನ್ನು ಹೇಳಿಕೊಡಬೇಕಾಗಿಯೇ ಇಲ್ಲ. ಹಾರಿಬರುವ ರಿಂಗನ್ನು ಕೈ ಚಾಚಿ ಬಿಗಿಯಾಗಿ ತಡೆದರೆ ಅದು ಬೆರಳಿಗೆ ಬಡಿದು ಜಾರುವುದು. ಕೈಯನ್ನು ಅದರ ಜೊತೆಗೇ ತುಸು ಹಿಂದಕ್ಕೆ ತಂದರೆ ತಾನಾಗಿ ಅಂಗೈಯಲ್ಲಿ ಕೂಡುವುದು. ಪ್ಯಾಡಲ್ಲಿಗೂ ಅದೇ ನ್ಯಾಯ. ಕ್ರಿಕೆಟ್ಟಿನ ಅಭಿಮಾನಿಗಳು ರಾಹುಲ್ ದ್ರಾವಿಡರ ಆಟವನ್ನು ನೆನೆಯಬಹುದು. ವೇಗದ ಚೆಂಡು ಅವರ ಬ್ಯಾಟಿನ ಅಂಚಿಗೆ ತಾಗಿದರೂ ಕೈಯ ಹಿಡಿತ ಸಡಿಲವಾಗಿದ್ದುದರಿಂದ ಸ್ಲಿಪ್ಪಿನವರ ಕೈಗೆ ಮುಟ್ಟದೆ ಮುಂದೆಯೇ ಸತ್ತು ಬೀಳುತ್ತಿತ್ತು.

ಕನ್ನಡಿಗರ ಆಟದ ಮಾತು ಬಂದ ಮೇಲೆ ಪ್ರಕಾಶ ಪಡುಕೋಣೆಯವರನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಅವರದು ಬ್ಯಾಡ್ಮಿಂಟನ್, ಪಿಕಲ್‌ಬಾಲ್ ಅಲ್ಲ. ಆದರೂ ಮೆಲುಹೊಡೆತದ ವಾದಕ್ಕೆ ಅವರಿಗಿಂತ ದೊಡ್ಡ ಸಾಕ್ಷಿ ನಮಗೆ ತಿಳಿಯದು. ಬೆಂಗಳೂರಿನಲ್ಲಿ 1955ರಲ್ಲಿ ಹುಟ್ಟಿದ ಅವರು ಬಾಲ್ಯದಲ್ಲಿ ಅಭ್ಯಾಸ ಮಾಡಿದುದು ಮಲ್ಲೇಶ್ವರದ ಕೆನರಾ ಯೂನಿಯನ್ನಿನ ಮದುವೆಯ ಹಾಲಿನಲ್ಲಿ. ಮದುವೆಯಿದ್ದ ದಿನ ಆಟವಿಲ್ಲ. ತಂದೆ ರಮೇಶ ಪಡುಕೋಣೆಯವರೇ ಮೊದಲ ಗುರು. 1971ರಲ್ಲಿ, ಇನ್ನೂ ಹದಿನಾರರ ಹುಡುಗನಾಗಿದ್ದಾಗ, ಕಿರಿಯರ ಮತ್ತು ಹಿರಿಯರ ರಾಷ್ಟ್ರೀಯ ಪದವಿಗಳೆರಡನ್ನೂ ಒಂದೇ ವರ್ಷ ಗೆದ್ದರು. ಹಿರಿಯರ ಪದವಿಯನ್ನು 1979ರ ವರೆಗೂ ಯಾರಿಗೂ ಬಿಟ್ಟುಕೊಡಲಿಲ್ಲ.

1980ರ ಮಾರ್ಚ್ ತಿಂಗಳಲ್ಲಿ ಲಂಡನ್ನಿನ ವೆಂಬ್ಲಿಯಲ್ಲಿ ಆಲ್ ಇಂಗ್ಲೆಂಡ್ ಪಂದ್ಯದ ಕೊನೆಯ ಸುತ್ತು. ಎದುರಿಗೆ ಇಂಡೋನೇಷಿಯದ ಲಿಯಮ್ ಸ್ವೀ ಕಿಂಗ್, 1978 ಮತ್ತು 1979ರಲ್ಲಿ ಎರಡು ಸಲ ಗೆದ್ದವರು. ನೆಲದಿಂದ ಚಿಮ್ಮಿ ಗಾಳಿಯಲ್ಲಿ ನಿಂತು ಬಡಿಯುವ ಅವರ ಸ್ಮ್ಯಾಶ್ ಲೋಕಪ್ರಸಿದ್ಧವಾಗಿದ್ದಿತು. ಅಂಥ ಬಡಿತಕ್ಕೆ ಬಡಿತ ಕೊಡಲು ಹೋಗಿದ್ದರೆ ಪ್ರಕಾಶರ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಅವರು ಆಟದ ವೇಗವನ್ನೇ ತಗ್ಗಿಸಿದರು. ಬಲೆಯ ಬುಡಕ್ಕೆ ಮೆಲ್ಲನೆ ಇಳಿಸಿದರು, ಹಿಂದಕ್ಕೆ ಎತ್ತರವಾಗಿ ಎತ್ತಿದರು, ಮತ್ತೆ ಮುಂದಕ್ಕೆ ಇಳಿಸಿದರು. ಚಿಮ್ಮಲು ಹದವಾದ ಎಡೆ ಕಿಂಗರಿಗೆ ಸಿಗಲೇ ಇಲ್ಲ. 15–3, 15–10. ಆ ಪದವಿಯನ್ನು ಗೆದ್ದ ಮೊದಲ ಭಾರತೀಯರು ಅವರು. ಅಂದು ಅವರನ್ನು ‘ಮೊಸರನ್ನ’ವೆಂದು ಕರೆಯಲು ಯಾರಿಗೂ ನಾಲಗೆ ಏಳುತ್ತಿರಲಿಲ್ಲವಷ್ಟೆ.

ನಮ್ಮ ಊರಿನ ಮಾತನ್ನೂ ಹೇಳಬೇಕು. 2017ರ ನವೆಂಬರ್ ತಿಂಗಳಲ್ಲಿ ಮಾನಕಾಪುರದ ವಿಭಾಗೀಯ ಕ್ರೀಡಾ ಸಂಕುಲದಲ್ಲಿ ಹಿರಿಯರ ರಾಷ್ಟ್ರೀಯ ಬ್ಯಾಡ್ಮಿಂಟನ್ ಪಂದ್ಯಗಳು ನಡೆದಾಗ ನಾವು ಈ ಊರಿಗೆ ಹೊಸಬರು. ಸೈನಾ ನೆಹವಾಲ್ ಮತ್ತು ಪಿ.ವಿ. ಸಿಂಧು ಎದುರುಬದುರಾದ ಆ ಕೊನೆಯ ಸುತ್ತಿನಲ್ಲಿ ಸೈನಾ 21–17, 27–25ರಿಂದ ಗೆದ್ದರು. ಮರುದಿನ ತರಗತಿಯಲ್ಲಿ ಕೇಳಿದರೆ ಹುಡುಗರ ಬಾಯಲ್ಲೆಲ್ಲ ಸ್ಮ್ಯಾಶಿನ ಮಾತೇ. ಅದು ಸಹಜ. ಸದ್ದು ಮಾಡುವುದು ಕಿವಿಯಲ್ಲಿ ಉಳಿಯುತ್ತದೆ. 52 ಅಂಕಗಳ ಆ ಎರಡನೆಯ ಆಟದಲ್ಲಿ ಬಲೆಯ ಬಳಿ ಮೆಲ್ಲನೆ ಇಳಿದ ಷಟಲುಗಳನ್ನು ಎಣಿಸಿದವರು ಯಾರೂ ಇರಲಿಲ್ಲ, ನಾವೂ ಎಣಿಸಲಿಲ್ಲ.

ಮೆಲುಹೊಡೆತದ ವಿರುದ್ಧ ಆಡುವ ಮಾತುಗಳನ್ನು ನಾವು ಕೇಳದೆ ಇಲ್ಲ. ‘ನೋಡುವವರಿಗೆ ಬೇಸರ’ ಎಂಬುದು ಒಂದು. ಇರಬಹುದು, ಆದರೆ ನಮ್ಮ ಅಂಗಳಕ್ಕೆ ಟಿಕೇಟು ಕೊಂಡು ಬರುವವರು ಯಾರೂ ಇಲ್ಲ. ‘ಹಾಗಾದರೆ ಜೋರಾಗಿ ಹೊಡೆಯಲೇಬಾರದೇ?’ ಎಂಬುದು ಇನ್ನೊಂದು, ಮತ್ತು ಇದು ನ್ಯಾಯವಾದ ಪ್ರಶ್ನೆ. ಹೊಡೆಯಬೇಕು. ಚೆಂಡು ಬಲೆಗಿಂತ ಮೇಲೆ ಬಂದಾಗ ಅದನ್ನು ಮೆಲ್ಲನೆ ಇಳಿಸುವುದು ಸೌಜನ್ಯವಲ್ಲ, ಹೇಡಿತನ. ಅಂಥ ಚೆಂಡನ್ನು ಕೆಳಕ್ಕೆ ಬಡಿಯಲೇಬೇಕು. ಒಬ್ಬರಿಗೊಬ್ಬರು ಆಡುವ ಆಟದಲ್ಲಿ ಅಂಗಳ ಖಾಲಿಯಾಗಿರುವುದರಿಂದ ಬಲದ ಹೊಡೆತಕ್ಕೆ ಹೆಚ್ಚು ಬೆಲೆಯುಂಟೆಂಬುದನ್ನೂ ಒಪ್ಪುತ್ತೇವೆ. ನಮ್ಮ ತಕರಾರು ಬಲದ ಮೇಲಲ್ಲ. ಬಡಿಯುವುದನ್ನು ಯಾರೂ ಹೇಳಿಕೊಡದೆಯೇ ನಮ್ಮ ಹುಡುಗರು ಕಲಿತಿದ್ದಾರೆ. ಇಳಿಸುವುದನ್ನು ಹೇಳಿಕೊಡಬೇಕಾಗಿದೆ, ಅದಕ್ಕೆ ಅಂಗಳದಲ್ಲಿ ಹೊತ್ತೇ ಇಲ್ಲ. ಇರುವುದು ಒಂದೇ ಅಂಗಳ, ಒಂದೂಕಾಲು ಗಂಟೆ. ಅದನ್ನು ಜೋರಾಗಿ ಹೊಡೆಯುವ ಎಂಟು ಹತ್ತು ಮಂದಿ ಹಿಡಿದುಕೊಂಡರೆ ಕಿರಿಯರೂ ಬಾಲಕಿಯರೂ ಗೋಡೆಯ ಬಳಿ ಚೀಲ ಕಾಯುತ್ತ ಕೂಡಬೇಕಾಗುತ್ತದೆ. ಇದು ಆಟದ ತಂತ್ರದ ಪ್ರಶ್ನೆಯಾಗಿರುವಂತೆಯೇ ಅಂಗಳ ಯಾರದೆಂಬ ಪ್ರಶ್ನೆಯೂ ಆಗಿದೆ.

ಈ ನಡುವೆ ಕೆಲವು ಪಾಲಕರು ನಮ್ಮನ್ನು ಕಂಡು, ಮಗ ಹಲವು ಸಾವಿರ ರೂಪಾಯಿಗಳ ಪ್ಯಾಡಲ್ ಬೇಕೆಂದು ಹಟ ಹಿಡಿದಿರುವುದನ್ನು ತಿಳಿಸಿದರು. ಅವರಲ್ಲಿ ಒಬ್ಬರು ಕಟ್ಟಡದ ಕೆಲಸಕ್ಕೆ ಕಲಬುರಗಿಯ ಕಡೆಯಿಂದ ಬಂದವರು. ಅವರ ಕೈಯನ್ನು ನೋಡಿ ನಮಗೆ ಮಾತು ಹೊರಡಲಿಲ್ಲ. ಮಕ್ಕಳೇ, ದುಬಾರಿಯ ಪ್ಯಾಡಲ್ ಚೆಂಡಿಗೆ ವೇಗವನ್ನೂ ಸುತ್ತನ್ನೂ ಹೆಚ್ಚಿಸಬಹುದು; ಸಡಿಲವಾದ ಕೈಯನ್ನು ಅದು ಕೊಡಲಾರದು. ಶಾಲೆಯಲ್ಲಿರುವ ಮರದ ಪ್ಯಾಡಲುಗಳೇ ಮೆಲುಹೊಡೆತ ಕಲಿಯಲು ಧಾರಾಳವಾಗಿ ಸಾಕು. ತೂಕ ಹೆಚ್ಚೆಂದು ಗೊಣಗುವವರು ಹಿಡಿಯನ್ನು ಸ್ವಲ್ಪ ಮೇಲೆ ಹಿಡಿದು ನೋಡಲಿ.

ಚೆಂಡಿನ ವಿಷಯ ಮಾತ್ರ ಬೇರೆ. ಬಯಲಿನಲ್ಲಿ ಆಡಲು 40 ಸಣ್ಣ ತೂತುಗಳ ಗಟ್ಟಿ ಚೆಂಡು, ಒಳಾಂಗಣಕ್ಕೆ 26 ದೊಡ್ಡ ತೂತುಗಳ ಮೆತ್ತನೆಯ ಚೆಂಡು ರೂಢಿಯಲ್ಲಿವೆ. ನಮ್ಮ ಅಂಗಳದಲ್ಲಿ ಒಳಾಂಗಣದ ಚೆಂಡನ್ನು ಗಾಳಿ ಒಯ್ಯುತ್ತದೆ. ಡಿಸೆಂಬರಿನ ಬೆಳಗಿನ ಚಳಿಗೆ ಪ್ಲಾಸ್ಟಿಕ್ ಗಡಸಾಗಿ ಚೆಂಡು ಬೇಗ ಬಿರಿಯುವುದು. ಮಾರ್ಚ್ ದಾಟಿದರೆ ಬಿಸಿಲಿಗೆ ಮೆತ್ತಗಾಗಿ ಪುಟಿಯುವ ರೀತಿಯೇ ಬದಲಾಗುವುದು. ಮೆಲುಹೊಡೆತ ಆಡುವವನು ಇದನ್ನು ಕೈಯಿಂದಲೇ ಅರಿಯಬೇಕು. ಬಡಿಯುವವನಿಗೆ ಚೆಂಡು ಒಡೆದುದೂ ಗೊತ್ತಾಗುವುದಿಲ್ಲ.

ನಮ್ಮ ಸೂಚನೆ ಇಷ್ಟು. ಬಿಸಿಲಿನ ದೆಸೆಯಿಂದ ನಮ್ಮ ವಿದರ್ಭದ ಶಾಲೆಗಳು ಮಿಕ್ಕ ಮಹಾರಾಷ್ಟ್ರಕ್ಕಿಂತ ತಡವಾಗಿ, ಜೂನ್ ಕೊನೆಯಲ್ಲಿ ತೆರೆಯುತ್ತವೆ. ಹೊಸ ವರ್ಷದ ಆ ಮೊದಲ ವಾರದಿಂದ ಅಂಗಳದಲ್ಲಿ ಮೊದಲ ಇಪ್ಪತ್ತು ನಿಮಿಷ ಯಾರೂ ಜೋರಾಗಿ ಹೊಡೆಯತಕ್ಕದ್ದಲ್ಲ. ಎರಡು ಅಡಿಗೆಮನೆಗಳಷ್ಟೇ ಆಗ ಅಂಗಳ. ನಾಲ್ವರು ಒಳಗೆ, ಮಿಕ್ಕವರು ಗೋಡೆಯ ಮುಂದೆ. ಗೋಡೆಗೆ ಬಲೆಯ ಎತ್ತರದಲ್ಲಿ ಸುಣ್ಣದ ಗೆರೆ ಎಳೆಸುತ್ತೇವೆ. ಅದರ ಮೇಲೆ ಗೇಣುದ್ದದೊಳಗೆ ಚೆಂಡು ತಾಗಬೇಕು. ಅಡಿಗೆಮನೆಯಲ್ಲಿ ಗುರಿಗಾಗಿ ಎರಡು ಗೋಣಿಚೀಲ ಹಾಸಿದರಾಯಿತು. ತಪ್ಪದೆ 25 ಸಲ ಚೆಂಡನ್ನು ಆಚೀಚೆ ಇಳಿಸಿದ ಜೋಡಿಯ ಹೆಸರನ್ನು ಪುಸ್ತಕದಲ್ಲಿ ಬರೆದು, ಪಂದ್ಯಕ್ಕೆ ಆರಿಸುವಾಗ ಆ ಪುಸ್ತಕವನ್ನೇ ತೆರೆಯುತ್ತೇವೆ, ಸದ್ದನ್ನು ಕೇಳುವುದಿಲ್ಲ. ಮುಖ್ಯೋಪಾಧ್ಯಾಯರು ಇದಕ್ಕೆ ಒಪ್ಪಿದ್ದಾರೆ. ಹತ್ತನೆಯ ತರಗತಿಯವರು ಮುನಿಸಿಕೊಂಡಿದ್ದಾರೆಂದು ಕೇಳಿದ್ದೇವೆ. ಅವರು ಹೇಗೂ ಮಾರ್ಚಿಗೆ ಹೊರಟುಹೋಗುವವರು.

ಕಳೆದ ತಿಂಗಳು ಒಂದು ಶನಿವಾರ ಇದನ್ನು ಸುಮ್ಮನೆ ನಡೆಸಿ ನೋಡಿದೆವು. ಏಳನೆಯ ತರಗತಿಯ ಆ ಬಾಲಕಿಯನ್ನು ಮನೆಯಿಂದ ಕರೆಸಿ, ಪಂದ್ಯದಲ್ಲಿ ಸೋತ ಇಬ್ಬರಲ್ಲಿ ಒಬ್ಬನ ಎದುರು ನಿಲ್ಲಿಸಿದೆವು. ಮೊದಲ ಸಲ ಒಂಬತ್ತಕ್ಕೆ ಅವನ ಚೆಂಡು ಬಲೆಗೆ ಬಿದ್ದಿತು, ಎರಡನೆಯ ಸಲ ಆರಕ್ಕೆ. ಮೂರನೆಯ ಸಲ ಹೊಡೆಯುವ ಮೊದಲು ಅವನು ಪ್ಯಾಡಲ್ಲನ್ನು ಕಂಕುಳಲ್ಲಿ ಇಟ್ಟುಕೊಂಡು ಬಲೆಯ ಹತ್ತಿರ ಬಂದು, “ನೀ ಹೆಂಗ ಹಿಡೀತಿ, ತೋರ್ಸು” ಎಂದು ಕೇಳಿದನು. ಅವಳು ಕೈ ಚಾಚಿ ತೋರಿಸಿದಳು.